ಶುಕ್ರವಾರದ ಎಣ್ಣೆ, ಹಳೆಯ ಟೈರು

ಆನೆ ಇಳಿದ ದಿನ ಬಸ್ಸು ಬರುವುದಿಲ್ಲ. ಹೊಸೂರಿನ ಹತ್ತಿರದ ತಳಿ ಪೇಟೆಯ ಸುತ್ತಲಿನ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋಸಿನ ತೋಟಕ್ಕೆ ಹಿಂಡು ಬಂದಿದೆ ಎಂಬ ಸುದ್ದಿ ಹಬ್ಬಿದರೆ ಸಾಕು, ಬೆಳಗಿನ ಬಸ್ಸು ತಳಿಯಲ್ಲೇ ನಿಂತುಬಿಡುತ್ತದೆ. ಹಾಲಿನ ಕ್ಯಾನು, ಹೂವಿನ ಮೂಟೆ, ಶಾಲೆಯ ಚೀಲ ಎಲ್ಲವೂ ರಸ್ತೆ ಬದಿಯಲ್ಲೇ ಕಾಯುತ್ತವೆ.

ಬೇರೆ ದಿನವಾದರೆ ಕಾಯಬಹುದು. ಈ ಸಲ ಅಂಥ ಒಂದು ಊರಿನ ಐವರು ಹುಡುಗಿಯರು ಹತ್ತನೇ ತರಗತಿಯ ಪಬ್ಲಿಕ್ ಪರೀಕ್ಷೆ ಬರೆಯುವವರಿದ್ದರು. ಪರೀಕ್ಷಾ ಕೇಂದ್ರ ಡೆಂಕಣಿಕೋಟೆಯಲ್ಲಿ. ಐವರನ್ನೂ ಒಟ್ಟಿಗೆ ಕೂರಿಸಿಕೊಂಡು ಹೋಗುವಂಥ ಗಾಡಿ ಊರಿನಲ್ಲಿ ಇದ್ದದ್ದು ಒಂದೇ: ಶ್ಯಾಮಲಮ್ಮನ ಮನೆ ಪಕ್ಕದ ಶೆಡ್ಡಿನಲ್ಲಿದ್ದ ಏಳು ಸೀಟಿನ ದೊಡ್ಡ ಬಿಳಿ ಗಾಡಿ.

ಅದನ್ನು ಕೇಳುವುದಕ್ಕೆ ಯಾರಿಗೂ ಬಾಯಿ ಬರುತ್ತಿರಲಿಲ್ಲ. ಅದು ಅವಳ ಗಂಡ ಸುಬ್ಬರಾಮನ ಗಾಡಿ. ಗುಲಾಬಿ ಹೂವಿನ ವ್ಯಾಪಾರ ಮಾಡುತ್ತಿದ್ದ ಆತ ನಾಲ್ಕು ವರ್ಷದ ಹಿಂದೆ ಎದೆ ನೋವೆಂದು ಕೂತವನು ಏಳಲಿಲ್ಲ. ಮಕ್ಕಳಿರಲಿಲ್ಲ. ಹನ್ನೊಂದು ದಿನ ಮನೆ ತುಂಬ ಜನ ಇದ್ದರು. ಹನ್ನೆರಡನೆಯ ದಿನದಿಂದ ಯಾರೂ ಬರಲಿಲ್ಲ. ಊರಿನವರು ಅವಳನ್ನು ಮರೆತರೆಂದು ಅವಳು ತಿಳಿದಳು. ಅವಳಿಗೆ ಒಬ್ಬಳೇ ಇರುವುದು ಇಷ್ಟವೆಂದು ಊರಿನವರು ತಿಳಿದರು.

ಗಾಡಿ ನಿಂತೇ ಹೋಗಬಾರದೆಂದು ಶ್ಯಾಮಲಮ್ಮ ಐವತ್ತರ ವಯಸ್ಸಿನಲ್ಲಿ ಓಡಿಸುವುದನ್ನು ಕಲಿತಳು. ಸೀಟನ್ನು ಮುಂದಕ್ಕೆ ಎಳೆದುಕೊಳ್ಳಲಿಲ್ಲ. ಅದು ಆತ ತನ್ನ ಉದ್ದನೆಯ ಕಾಲಿಗೆ ಹೊಂದಿಸಿಕೊಂಡ ಸೀಟು. ಅವಳು ಬೆನ್ನ ಹಿಂದೆ ಒಂದು ದಿಂಬು ಇಟ್ಟುಕೊಂಡು ತುದಿಗಾಲಲ್ಲಿ ಬ್ರೇಕ್ ಮುಟ್ಟುತ್ತಿದ್ದಳು. ಪ್ರತಿ ಶುಕ್ರವಾರ ಗಾಡಿ ತೊಳೆದು, ದೇವರ ದೀಪದಲ್ಲಿ ಮಿಕ್ಕ ಎಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ ನಾಲ್ಕೂ ಟೈರಿಗೆ ಹಚ್ಚಿ, ಕುಂಕುಮದ ಬೊಟ್ಟಿಟ್ಟು, ತಳಿಯವರೆಗೆ ಹೋಗಿ ಯಾರ ಹತ್ತಿರವೂ ಮಾತಾಡದೆ ವಾಪಸು ಬರುತ್ತಿದ್ದಳು. ವಾರದಲ್ಲಿ ಅವಳು ಹೊಸಿಲು ದಾಟಿ ದೂರ ಹೋಗುತ್ತಿದ್ದುದು ಅಷ್ಟೇ.

ಪರೀಕ್ಷೆಗೆ ಹತ್ತು ದಿನ ಇರುವಾಗ, ಒಂದು ಶುಕ್ರವಾರ, ಮುನಿಯಪ್ಪನ ಮಗಳು ಭಾನು ಶೆಡ್ಡಿನ ಬಾಗಿಲಿಗೆ ಬಂದು ನಿಂತಳು. ಭಾನು ಹೊಸೂರಿನ ಟೈರ್ ಫ್ಯಾಕ್ಟರಿಯೊಂದರಲ್ಲಿ ತಯಾರಾದ ಟೈರುಗಳನ್ನು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಅವಳ ತಂಗಿ ಸುಷ್ಮಾ ಆ ಐವರಲ್ಲಿ ಒಬ್ಬಳು.

"ಅತ್ತೆ, ಬರ್ಲಾ?"

"ಬಾರಮ್ಮಿ. ಮನೆ ಬಾಗ್ಲು ಆ ಕಡೆ ಐತೆ, ಇಲ್ಲಿಗೆ ಬಂದೀಯಲ್ಲ?"

"ಶುಕ್ರವಾರ ನೀವು ಇಲ್ಲೇ ಇರ್ತೀರ ಅಂತ ಊರಿಗೆಲ್ಲ ಗೊತ್ತು."

"ಊರಿಗೆಲ್ಲ ಗೊತ್ತಾ?" ಶ್ಯಾಮಲಮ್ಮ ಎಣ್ಣೆ ಬಟ್ಟೆ ಹಿಡಿದುಕೊಂಡೇ ಕೇಳಿದಳು. "ಗೊತ್ತಿದ್ದೂ ಯಾರೂ ಬರಲ್ಲ, ಹಂಗಾದ್ರೆ."

ಭಾನು ತಾನು ಬಂದ ವಿಷಯವನ್ನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. ಬಸ್ಸು ತಪ್ಪಿದ ದಿನ ಹುಡುಗಿಯರನ್ನು ಕರೆದುಕೊಂಡು ಹೋಗ್ತೀರಾ?

"ಐದೂ ಜನಾನಾ? ಬರ್ಲಿ. ಬಸ್ಸು ಬಂದ್ರೂ ಬರ್ಲಿ, ಬರದಿದ್ರೂ ಬರ್ಲಿ." ಮಾತು ಬಂದ ವೇಗಕ್ಕೆ ಶ್ಯಾಮಲಮ್ಮನಿಗೇ ನಾಚಿಕೆಯಾಯಿತು. ತಲೆ ತಗ್ಗಿಸಿ ಮತ್ತೆ ಟೈರು ಒರೆಸತೊಡಗಿದಳು.

ಭಾನುವೂ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಕೆಲಸದ ಅಭ್ಯಾಸ, ಕೈ ತಾನಾಗಿ ಟೈರಿನ ಮೇಲೆ ಹೋಯಿತು. "ಅತ್ತೆ, ಇದಕ್ಕೇನು ಹಚ್ತೀರ?"

"ದೀಪದೆಣ್ಣೆ. ಹೆಂಗೆ ಮಿಂಚ್ತದೆ ನೋಡು. ನಾಲ್ಕು ವರ್ಷದಿಂದ ಒಂದು ಶುಕ್ರವಾರಾನೂ ತಪ್ಪಿಸಿಲ್ಲ."

ಭಾನು ದುಪಟ್ಟಾದ ತುದಿಯಿಂದ ಒಂದು ಕಡೆಯ ಎಣ್ಣೆಯನ್ನು ಒರೆಸಿದಳು. ಹೊಳಪಿನ ಕೆಳಗೆ ಸಣ್ಣ ಸಣ್ಣ ಬಿರುಕುಗಳು ಕಂಡವು, ಬೇಸಿಗೆಯ ಕೆರೆಯಂಗಳದ ಹಾಗೆ. ಅವಳ ಮುಖ ಸಪ್ಪಗಾಯಿತು.

"ಎಣ್ಣೆ ಬಿರುಕನ್ನ ಮುಚ್ಚೈತೆ ಅತ್ತೆ. ಎಣ್ಣೆ, ಸೀಮೆಎಣ್ಣೆ, ಡೀಸೆಲ್ಲು, ಇವ್ಯಾವೂ ರಬ್ಬರಿಗೆ ಆಗಲ್ಲ. ಸೋಪಿನ ನೀರಲ್ಲಿ ತೊಳೆದ್ರೆ ಸಾಕು." ಟೈರಿನ ಪಕ್ಕದ ಮೈಮೇಲೆ ಅಚ್ಚೊತ್ತಿದ್ದ ಅಕ್ಷರಗಳ ಸಾಲಿನ ಕೊನೆಗೆ ಬೆರಳಿಟ್ಟಳು. "ಈ ನಾಲ್ಕು ಅಂಕಿ ಓದಿ."

"ಮೂರು, ಏಳು, ಒಂದು, ಆರು."

"ಎರಡು ಸಾವಿರದ ಹದಿನಾರನೇ ಇಸವಿ, ಮೂವತ್ತೇಳನೇ ವಾರ. ಟೈರು ಹುಟ್ಟಿದ ತಾರೀಕು ಅದು. ಒಂಬತ್ತು ವರ್ಷ ದಾಟ್ಬುಡ್ತು."

"ಗೌರಿ ಹಬ್ಬ ಮುಗಿದ ಮೇಲೆ ಹುಟ್ಟೈತೆ ಅನ್ನು," ಶ್ಯಾಮಲಮ್ಮ ಲೆಕ್ಕ ಹಾಕಿದಳು. "ಆ ದೀಪಾವಳಿಗೇ ಅವ್ರು ಹಾಕ್ಸಿದ್ದು. ನಿಂಬೆಹಣ್ಣಿನ ಮೇಲೆ ಹತ್ಸಿ ತಂದ್ರು. ಬಟನ್ ನೋಡು, ಇನ್ನೂ ಎಷ್ಟು ಆಳ ಐತೆ. ಇದು ಹಳೇದು ಅಂದ್ರೆ ಯಾರು ನಂಬ್ತಾರೆ?"

ಬಟನ್ ಅಂದರೆ ಟೈರಿನ ಮೇಲಿನ ಉಬ್ಬುಗೆರೆ. ನೀರನ್ನು ಆಚೆ ತಳ್ಳಿ ರಸ್ತೆಯನ್ನು ಹಿಡಿಯುವುದು ಅದೇ.

"ಬಟನ್ ಐತೆ, ನಿಜ. ಆದ್ರೆ ರಬ್ಬರು ಕಲ್ಲಾಗೈತೆ. ಓಡ್ದೆ ನಿಂತಿದ್ರೂ ವಯಸ್ಸಾಗ್ತದೆ ಅತ್ತೆ. ಐದು ವರ್ಷ ಆದ್ಮೇಲೆ ವರ್ಷಕ್ಕೊಂದ್ಸಲ ತೋರಿಸ್ಬೇಕು. ಹತ್ತು ವರ್ಷ ಕಡೇ ಗಡಿ. ಹಿಂಗೆ ಬಿರುಕು ಬಿಟ್ರೆ ಅಲ್ಲೀವರೆಗೂ ಕಾಯಂಗಿಲ್ಲ."

ಶ್ಯಾಮಲಮ್ಮ ಎದ್ದು ನಿಂತಳು. "ಅವ್ರು ಕೊನೇಗೆ ಹಾಕ್ಸಿದ್ದು ಇವೇ ಕಣೇ. ನಾನು ತೆಗ್ಸಲ್ಲ. ಹುಡ್ಗೀರ್ನ ನಿಧಾನಕ್ಕೆ ಕರ್ಕೊಂಡೋಗ್ತೀನಿ."

"ಹಂಗಾದ್ರೆ ಸುಷ್ಮಾನ ನಾನು ಕಳ್ಸಲ್ಲ ಅತ್ತೆ. ಬೇರೆಯವ್ರಿಗೂ ಹೇಳ್ಬೇಕಾಗ್ತದೆ." ಭಾನು ಇಷ್ಟು ಹೇಳಿ ಹೋಗಿಬಿಟ್ಟಳು.

ಆ ಶುಕ್ರವಾರ ಶ್ಯಾಮಲಮ್ಮ ತಳಿಗೆ ಹೋಗಲಿಲ್ಲ. ಮಧ್ಯಾಹ್ನವೆಲ್ಲ ಗಾಡಿಯೊಳಗೆ ಎಡಗಡೆ ಸೀಟಿನಲ್ಲಿ ಕೂತಿದ್ದಳು. ಯಾರಿಗೂ ಹೇಳದ ಒಂದು ವಿಷಯ ಅವಳಲ್ಲಿತ್ತು. ಮೂರು ವಾರದ ಹಿಂದೆ, ಸಣ್ಣ ಸೋನೆ ಬಿದ್ದಿದ್ದಾಗ, ಇಳಿಜಾರಿನ ಮೋರಿ ತಿರುವಿನಲ್ಲಿ ಅವಳು ಬ್ರೇಕ್ ಒತ್ತಿದ್ದಳು. ಗಾಡಿ ನಿಲ್ಲಲಿಲ್ಲ. ಎಣ್ಣೆ ಸವರಿದ ಕಲ್ಲಿನ ಮೇಲೆ ಇಟ್ಟ ಹಾಗೆ ಜಾರಿತು. ಲಂಟಾನ ಪೊದೆಗೆ ಮೂತಿ ತೂರಿಸಿ ನಿಂತಿತು. ಆಚೆಗೆ ಒಂದು ಮಾರು ದೂರದಲ್ಲಿ ಹಳ್ಳ. ಯಾರೂ ನೋಡಿರಲಿಲ್ಲ. ತನ್ನ ಕೈಯದೇ ತಪ್ಪೆಂದುಕೊಂಡು ಮನೆಗೆ ಬಂದು ಅನ್ನ ಬಸಿದಿದ್ದಳು. ಆವತ್ತು ಹಳ್ಳಕ್ಕೆ ಬಿದ್ದಿದ್ದರೂ ಮುಂದಿನ ಶುಕ್ರವಾರದವರೆಗೆ ಯಾರೂ ಹುಡುಕುತ್ತಿರಲಿಲ್ಲ ಎಂದು ಅನ್ನಿಸಿತ್ತು. ಅದರಿಂದ ಭಯವೂ ಆಗಿರಲಿಲ್ಲ.

ಈಗ ಹಿಂದಿನ ಸೀಟಿನಲ್ಲಿ ಐದು ಜಡೆಗಳನ್ನು ನೆನೆದು ಭಯವಾಯಿತು.

ಮರುದಿನ ಬೆಳಿಗ್ಗೆ ಅವಳು ಮುನಿಯಪ್ಪನ ಮನೆ ಬೀದಿಗೆ ಹೊರಟಳು. ನಾಲ್ಕು ವರ್ಷದಲ್ಲಿ ಆ ಬೀದಿಗೆ ಕಾಲಿಡುತ್ತಿರುವುದು ಅದೇ ಮೊದಲು. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಭಾನುವಿನ ತಾಯಿ ಚಿನ್ನಮ್ಮ ಬೆರಗಾಗಿ, "ಏನಕ್ಕಾ, ದಾರಿ ತಪ್ಪಿ ಬಂದ್ಯಾ?" ಅಂದಳು.

"ಹೂಂ ಕಣವ್ವ. ಇಷ್ಟು ದಿನ ದಾರಿ ತಪ್ಪೇ ಇತ್ತು," ಅಂದು ಶ್ಯಾಮಲಮ್ಮ ಒಳಗೆ ಹೋಗಿ, ಭಾನುವಿನ ಮುಂದೆ ಮೋರಿ ತಿರುವಿನ ವಿಷಯವನ್ನೆಲ್ಲ ಹೇಳಿದಳು. ಹೇಳಿ ಮುಗಿಸಿ, "ಯಾವ ಟೈರು ಹಾಕ್ಸಬೇಕು, ನಂಗೆ ಏನೂ ಗೊತ್ತಿಲ್ಲ. ಅದನ್ನೆಲ್ಲ ಅವ್ರೇ ನೋಡ್ಕೊಳ್ಳೋರು," ಅಂದಳು.

ಆ ದಿನ ರಸ್ತೆ ಒಣಗಿತ್ತು. ಇಬ್ಬರೂ ವೇಗ ನಲವತ್ತು ದಾಟದಂತೆ ಗಾಡಿ ಓಡಿಸಿಕೊಂಡು ಹೊಸೂರಿಗೆ ಹೋದರು. ಭಾನುವಿಗೆ ಪರಿಚಯದ ಟೈರ್ ಅಂಗಡಿಯ ಬಾಲಾಜಿ ಗಾಡಿ ನೋಡಿದ ತಕ್ಷಣ ಒಂದು ದಪ್ಪ ಟೈರನ್ನು ಉರುಳಿಸಿಕೊಂಡೇ ಬಂದ.

"ವಾಂಗ ಅಕ್ಕಾ, ಬನ್ನಿ. ತಳಿ ಕಡೆಯೋರು ಅಂದ್ರೆ ಕಾಡು ರಸ್ತೆ. ಇದನ್ನ ಹಾಕ್ಸಿ. ಕೆಸರು, ಕಲ್ಲು, ಏನಿದ್ರೂ ಹತ್ತುತ್ತೆ. ಆನೆಗೇ ಹೆದರಿಕೆ ಆಗ್ಬೇಕು!"

"ಆನೆ ಹೆದರ್ಕೊಂಡು ನಮ್ಗೇನಾಗ್ಬೇಕು ಅಣ್ಣ?" ಭಾನು ನಕ್ಕಳು. "ಅತ್ತೆ ಓಡ್ಸೋದು ನೂರಕ್ಕೆ ತೊಂಬತ್ತು ಪಾಲು ಟಾರ್ ರಸ್ತೇಲಿ. ಇಷ್ಟು ದೊಡ್ಡ ಬಟನ್ನು ಒದ್ದೆ ಟಾರನ್ನ ಸರಿಯಾಗಿ ಹಿಡಿಯಲ್ಲ. ಗದ್ದಲಾನೂ ಜಾಸ್ತಿ, ಡೀಸೆಲ್ಲೂ ಜಾಸ್ತಿ. ಬಿಸಿಲು, ಮಳೆ, ಮಂಜು ಮೂರಕ್ಕೂ ಆಗೋ ಆಲ್ ಸೀಸನ್ ಟೈರು ಕೊಡಿ. ಮನೆ ಮುಂದಿನ ಮಣ್ಣು ರಸ್ತೆಗೆ ಅದು ಸಾಕು."

"ಫ್ಯಾಕ್ಟರಿ ಹುಡ್ಗಿ ಜೊತೆ ವ್ಯಾಪಾರ ಮಾಡೋದು ಕಷ್ಟಪ್ಪ," ಎಂದು ಬಾಲಾಜಿ ದಪ್ಪ ಟೈರನ್ನು ಉರುಳಿಸಿಕೊಂಡು ವಾಪಸು ಹೋದ.

ಭಾನು ಡ್ರೈವರ್ ಬಾಗಿಲು ತೆಗೆದು, ಗಾಡಿಯ ಬಾಗಿಲ ಕಂಬಕ್ಕೆ ಅಂಟಿಸಿದ್ದ ಚೀಟಿಯನ್ನು ತೋರಿಸಿದಳು. "ಅತ್ತೆ, ನಿಮ್ ಗಾಡಿಗೆ ಯಾವ ಅಳತೆ, ಎಷ್ಟು ಗಾಳಿ, ಎಲ್ಲಾ ಇಲ್ಲೇ ಬರ್ದೈತೆ. ಯಾರನ್ನೂ ಕೇಳೋದೇ ಬೇಡ. ಅಳತೆ ಪಕ್ಕ ಒಂದು ನಂಬರು ಇರ್ತದೆ, ಟೈರು ಎಷ್ಟು ಭಾರ ಹೊರ್ತದೆ ಅಂತ. ಏಳು ಜನ ಕೂರೋ ಗಾಡಿ, ಆ ನಂಬರು ಇದಕ್ಕಿಂತ ಕಮ್ಮಿ ಇರೋದನ್ನ ಕೊಟ್ರೆ ತಗೋಬೇಡಿ."

ಶ್ಯಾಮಲಮ್ಮ ಚೀಟಿಯನ್ನು ಬೆರಳಿಟ್ಟು ಓದಿದಳು. ಬಾಲಾಜಿ ತಂದ ಹೊಸ ಟೈರಿನ ಮೇಲೂ ಬೆರಳಿಟ್ಟಳು. ಅಳತೆ ಅದೇ. ಭಾರದ ನಂಬರು ಅದೇ. ಕೊನೆಯ ನಾಲ್ಕು ಅಂಕಿಯನ್ನು ತಾನೇ ಹುಡುಕಿ ಗಟ್ಟಿಯಾಗಿ ಓದಿದಳು. ಹುಟ್ಟಿ ಮೂರೇ ತಿಂಗಳಾಗಿತ್ತು. "ಇದು ಹಸುಗೂಸು," ಅಂದಳು.

"ಎರಡೇ ಹಾಕ್ಸಿದ್ರೆ ಆಗಲ್ವಾ?" ಶ್ಯಾಮಲಮ್ಮ ಕೇಳಿದಳು.

"ಎರಡು ಸವೆದು ಎರಡು ಚೆನ್ನಾಗಿದ್ರೆ ಎರಡು ಹಾಕ್ಸಬೌದು. ಆವಾಗ ಹೊಸವು ಹಿಂದಕ್ಕೆ ಹೋಗ್ಬೇಕು, ಇಲ್ಲಾಂದ್ರೆ ಮಳೇಲಿ ಹಿಂಭಾಗ ಜಾರ್ತದೆ. ನಿಮ್ಮವು ನಾಲ್ಕೂ ಒಂದೇ ವಯಸ್ಸು ಅತ್ತೆ. ಸ್ಟೆಪ್ನಿಗೂ ಅಷ್ಟೇ ವಯಸ್ಸು, ಅದ್ನೂ ಬದಲಾಯ್ಸೋಣ."

ಟೈರು ಹಾಕಿ, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎಲ್ಲ ಮುಗಿಯುವ ಹೊತ್ತಿಗೆ ಸಂಜೆಯಾಗುತ್ತ ಬಂದಿತ್ತು. ಹಳೆಯ ಐದು ಟೈರು ಗೋಡೆಗೆ ಒರಗಿದ್ದವು. ನಾಲ್ಕರ ಮೇಲಿನ ಕುಂಕುಮದ ಬೊಟ್ಟು ಇನ್ನೂ ಅಳಿಸಿರಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಡ್ರೈವರ್, "ಅಕ್ಕಾ, ಬಟನ್ ಚೆನ್ನಾಗೈತೆ, ನಂಗೆ ಕೊಡ್ರಿ, ಟೆಂಪೋಗೆ ಹಾಕ್ಕೊಂತೀನಿ," ಅಂದ.

ಶ್ಯಾಮಲಮ್ಮ ಆ ಟೈರುಗಳನ್ನು ಬಹಳ ಹೊತ್ತು ನೋಡಿದಳು. ಯಾರದೋ ಗಾಡಿಯಲ್ಲಾದರೂ ಅವು ಓಡುತ್ತಿರಲಿ ಅನ್ನಿಸಿತು. ಆಮೇಲೆ ಮೋರಿಯ ತಿರುವು ನೆನಪಾಯಿತು.

"ಬೇಡಪ್ಪ. ನಿನ್ ಮನೇಲೂ ಕಾಯೋರು ಇರ್ತಾರೆ." ಬಾಲಾಜಿಯ ಕಡೆ ತಿರುಗಿದಳು. "ಇವನ್ನ ಕೊಯ್ದು ಬುಡಿ. ನನ್ ಮುಂದೇನೇ."

ಬಾಲಾಜಿ ಒಂದೊಂದರ ಪಕ್ಕದ ಮೈಯನ್ನೂ ಕೊಯ್ದ. ಐದು ಸಲ ರಬ್ಬರು ಸೀಳಿದ ಸದ್ದು ಬಂತು. ಐದು ಸಲವೂ ಅವಳು ಕಣ್ಣು ಮುಚ್ಚಲಿಲ್ಲ. ಭಾನು ಪಕ್ಕದಲ್ಲೇ ನಿಂತಿದ್ದಳು.

ಪರೀಕ್ಷೆಯ ಮೊದಲ ದಿನವೇ ಹಿಂಡು ಇಳಿಯಿತು. ಬಸ್ಸು ಬರಲಿಲ್ಲ. ಬೆಳಗಿನ ಜಾವ ಒಂದು ಹದ ಮಳೆಯೂ ಬಿದ್ದು ರಸ್ತೆ ಕಪ್ಪಗೆ ಒದ್ದೆಯಾಗಿತ್ತು. ಐವರು ಹುಡುಗಿಯರು ಗಾಡಿ ಹತ್ತಿದರು. ಹೇರ್‌ಪಿನ್ನು, ಪೆನ್ನು, ಪ್ರಶ್ನೆ, ಜಗಳ ಎಲ್ಲ ಒಟ್ಟಿಗೆ ಒಳಗೆ ಬಂದವು.

"ಅತ್ತೆ, ದಿಂಬು ಯಾಕೆ? ಕೆಳಗಡೆ ಕಂಬಿ ಐತೆ, ಸೀಟು ಮುಂದಕ್ಕೆ ಬತ್ತದೆ," ಅಂದಳು ಸುಷ್ಮಾ.

"ಗೊತ್ತು ಕಣೇ," ಅಂದಳು ಶ್ಯಾಮಲಮ್ಮ. ದಿಂಬನ್ನು ತೆಗೆದು ಪಕ್ಕಕ್ಕೆ ಇಟ್ಟಳು. ಆಮೇಲೆ ಕಂಬಿ ಎಳೆದಳು. ಸೀಟು ಮುಂದಕ್ಕೆ ಜಾರಿತು. ಅಂಗಾಲು ಪೂರ್ತಿ ಬ್ರೇಕಿನ ಮೇಲೆ ಕೂತಿತು.

ಹೊಸ ಟೈರು ಮೊದಲ ಮುನ್ನೂರು ಕಿಲೋಮೀಟರು ರಸ್ತೆಗೆ ಹೊಂದಿಕೊಳ್ಳಬೇಕು, ಅಲ್ಲಿಯವರೆಗೆ ಅವಸರ ಬೇಡ ಅಂತ ಭಾನು ಹೇಳಿದ್ದಳು. ಅವಳು ನಿಧಾನವಾಗಿಯೇ ಹೊರಟಳು. ಮೋರಿಯ ತಿರುವಿನಲ್ಲಿ ಒಂದು ಹಸು ರಸ್ತೆಗೆ ಅಡ್ಡ ಬಂತು. ಬ್ರೇಕ್ ಒತ್ತಿದಳು. ಗಾಡಿ ನಿಂತಿತು. ನೆಲ ಹಿಡಿದುಕೊಂಡ ಹಾಗೆ, ನೇರವಾಗಿ. ಹಿಂದಿನ ಸೀಟಿನ ಜಗಳ ನಿಲ್ಲಲೂ ಇಲ್ಲ. ಏನಾಗಬಹುದಿತ್ತೆಂದು ಆ ಹುಡುಗಿಯರಿಗೆ ಗೊತ್ತೇ ಆಗಲಿಲ್ಲ.

ಡೆಂಕಣಿಕೋಟೆಯಲ್ಲಿ ಅವರು ಇಳಿದು ಓಡಿದ ಮೇಲೆ ಗಾಡಿ ಮತ್ತೆ ಖಾಲಿಯಾಯಿತು. ಶ್ಯಾಮಲಮ್ಮ ಶಾಲೆಯ ಗೋಡೆಯ ಪಕ್ಕದಲ್ಲಿ ಗಾಡಿ ನಿಲ್ಲಿಸಿ ಕೂತಳು. ಗಂಡ ಇದ್ದಿದ್ದರೆ ಈಗ ಇಳಿದು ಟೈರಿಗೆ ಒಂದು ಸಲ ಒದ್ದು ನೋಡುತ್ತಿದ್ದ. ಇಳಿದು ತಾನೇ ಒದ್ದು ನೋಡಿದಳು. ಹಿಂದಿನ ಸೀಟಿನ ಮೇಲೆ ಯಾರೋ ಒಂದು ಹೇರ್‌ಪಿನ್ನು ಬಿಟ್ಟುಹೋಗಿದ್ದರು. ಅದನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಮಧ್ಯಾಹ್ನದವರೆಗೂ ಕಾದಳು. ಕಾಯುವುದು ಅವಳಿಗೆ ಹೊಸದಲ್ಲ. ಆದರೆ ಇವತ್ತು ಒಂದು ಗಂಟೆಗೆ ಬಂದೇ ಬರುವವರಿದ್ದರು.

ಓದುತ್ತಿರುವವರೇ, ಕೇಳುತ್ತಿರುವವರೇ, ಇವತ್ತು ನಿಮ್ಮ ಗಾಡಿಯ ಹತ್ತಿರ ಹೋಗಿ ಬಗ್ಗಿ ನೋಡಿ. ಪಕ್ಕದಲ್ಲಿರುವ ಆ ನಾಲ್ಕು ಅಂಕಿ ಓದಿ. ಬಟನ್ನಿನ ಸಂದಿನಲ್ಲಿ ಅಡ್ಡಡ್ಡಲಾಗಿ ಸಣ್ಣ ದಿಂಡುಗಳಿವೆ. ಬಟನ್ ಅವುಗಳ ಮಟ್ಟಕ್ಕೆ ಸವೆದಿದ್ದರೆ, ಅಥವಾ ಬಿರುಕು ಬಿಟ್ಟಿದ್ದರೆ, ಬದಲಾಯಿಸಿ. ಬಾಗಿಲ ಕಂಬದ ಚೀಟಿಯಲ್ಲಿರುವ ಅಳತೆಯನ್ನೇ ಕೇಳಿ ಪಡೆಯಿರಿ. ನೀವು ಓಡಿಸುವ ರಸ್ತೆಗೆ ಹೊಂದುವುದನ್ನೇ ಆರಿಸಿ. ತಿಂಗಳಿಗೊಮ್ಮೆ, ಗಾಡಿ ಓಡಿಸುವ ಮುಂಚೆ, ಗಾಳಿ ನೋಡಿಸಿ. ಎಣ್ಣೆ ದೀಪಕ್ಕೆ ಇರಲಿ.

ಇನ್ನೂ ಒಂದು ಮಾತು. ನಿಮ್ಮ ಬೀದಿಯಲ್ಲಿ ಒಬ್ಬರೇ ಇರುವವರ ಮನೆಯ ಶೆಡ್ಡಿನಲ್ಲಿ ಗಾಡಿ ನಿಂತಿದ್ದರೆ, ಹೋಗಿ ಅದರ ಟೈರನ್ನೂ ನೋಡಿ ಬನ್ನಿ. ಅವರಿಗೆ ಹೇಳುವವರು ಯಾರೂ ಇಲ್ಲದಿರಬಹುದು. ಕದ ತಟ್ಟುವುದಕ್ಕೆ ಕಾರಣ ಬೇಕೆಂದರೆ, ಇದೇ ಕಾರಣವಾಗಲಿ.