ಹನ್ನೊಂದು ನಿಮಿಷದ ಕೆಂಪು

ಕಂಪ್ಯೂಟರ್ ಪರದೆಯ ಮೇಲಿನ ಒಂದು ಚೌಕ ಕೆಂಪಾಗಿ ಹನ್ನೊಂದು ನಿಮಿಷವಾಗಿತ್ತು. ಅದರ ಎದುರಿಗೇ ಕುಳಿತಿದ್ದ ಪರ್ಸೆಂಟಣ್ಣ ನೆಮ್ಮದಿಯಾಗಿ ಚಹಾ ಕುಡಿಯುತ್ತಿದ್ದ. ಅಷ್ಟರಲ್ಲಿ ನಲವತ್ತು ಊರುಗಳ ರೈಲು ಟಿಕೆಟ್ ಕೌಂಟರುಗಳು ಒಂದೊಂದಾಗಿ ನಿಂತುಹೋಗಿ, ಕೋಣೆಯ ಮೂರೂ ಫೋನುಗಳು ಒಟ್ಟಿಗೆ ಬಡಿದುಕೊಳ್ಳತೊಡಗಿದವು.

ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ ಓಡಿಬಂದಳು. "ಇಷ್ಟು ಹೊತ್ತಿಂದ ಕೆಂಪಗಿದೆಯಲ್ಲ, ನೋಡ್ಲಿಲ್ವಾ ನೀವು?"

"ಯಾವುದು ಮೇಡಂ?"

ಅವನ ಕಣ್ಣು ಅವಳ ಬೆರಳು ತೋರಿಸಿದ ಚೌಕಕ್ಕೆ ಹೋಯಿತು, ಅಲ್ಲಿಂದ ಪಕ್ಕದ್ದಕ್ಕೆ ಸರಿಯಿತು, ಮತ್ತೆ ವಾಪಸು ಬಂತು. ಅವಳು ತಾನೇ ಬಗ್ಗಿ ಚೌಕವನ್ನು ಒತ್ತಿದಳು. ಕೌಂಟರುಗಳನ್ನೆಲ್ಲ ನಡೆಸುವ ದೊಡ್ಡ ಕಂಪ್ಯೂಟರನ್ನು, ಮೇನ್‌ಫ್ರೇಮನ್ನು, ತಾನೊಂದೇ ನುಂಗುತ್ತಿದ್ದ ಪ್ರೋಗ್ರಾಮಿನ ಹೆಸರು ಥಟ್ಟನೆ ಬಂತು. ಅದನ್ನು ನಿಲ್ಲಿಸಿದಳು. ನಾಲ್ಕು ನಿಮಿಷದಲ್ಲಿ ಕೌಂಟರುಗಳು ಉಸಿರಾಡತೊಡಗಿದವು.

ಆ ದೊಡ್ಡ ಯಂತ್ರದ ಆರೋಗ್ಯ ನೋಡಿಕೊಳ್ಳಲು ಎರಡು ಕಂಪನಿಗಳ ಸಾಫ್ಟ್‌ವೇರ್ ಒಂದು ತಿಂಗಳ ಪರೀಕ್ಷೆಗೆ ಬಂದಿದ್ದವು. ಮೊದಲನೆಯದು ಅಲ್ಲಿ ಇಷ್ಟು ವರ್ಷ ಬಳಸುತ್ತಿದ್ದ ಹಳೆಯದರ ತಮ್ಮನಂತಿತ್ತು: ಸಾಲು ಸಾಲು ಅಂಕಿಗಳು, ಬೇರೇನೂ ಇಲ್ಲ. ಎರಡನೆಯದರಲ್ಲಿ ಅಂಕಿಯೇ ಕಾಣದು; ಪ್ರತಿ ಕೆಲಸಕ್ಕೂ ಒಂದು ಚೌಕ. ಸರಿಯಿದ್ದರೆ ಹಸಿರು, ಕೆಟ್ಟರೆ ಕೆಂಪು. ಆ ಬುಧವಾರ ಪರದೆಯ ಮೇಲಿದ್ದದ್ದು ಇದೇ. ಯಾವುದನ್ನು ಇಟ್ಟುಕೊಳ್ಳಬೇಕೆಂದು ಅವಳು ಶುಕ್ರವಾರದೊಳಗೆ ಬರೆದುಕೊಡಬೇಕಿತ್ತು.

ಪರ್ಸೆಂಟಣ್ಣ ಅಲ್ಲಿ ಆಪರೇಟರಾಗಿ ಇಪ್ಪತ್ತಾರು ವರ್ಷ. ಊಟ ಆಯ್ತಾ ಅಂದರೆ "ಎಂಬತ್ತು ಪರ್ಸೆಂಟ್" ಅನ್ನುವ ಆಸಾಮಿ. ಅಂಕಿಗಳ ಮೇಲೆ ಒಮ್ಮೆ ಕಣ್ಣಾಡಿಸಿ, "ಇನ್ನರ್ಧ ಗಂಟೇಲಿ ಯಂತ್ರ ಮುನಿಸ್ಕೊಳ್ಳತ್ತೆ ನೋಡಿ" ಅಂದನೆಂದರೆ ಮುನಿಸಿಕೊಂಡೇ ತೀರುತ್ತಿತ್ತು. ಮುಖ್ಯಸ್ಥೆ ಹೊಸದಾಗಿ ಕೆಲಸಕ್ಕೆ ಸೇರಿದಾಗ ಆ ಅಂಕಿಗಳನ್ನು ಓದಲು ಕಲಿಸಿದವನೂ ಅವನೇ.

"ನಿದ್ದೆ ಹೊಡೀತಿದ್ದ ಅಂತ ವರದೀಲಿ ಬರೀರಿ," ಎಂದರು ಅವಳ ಮೇಲಧಿಕಾರಿ ಉಪನಿರ್ದೇಶಕರು. "ಕಡತದ ಕೋಣೆಗೆ ಹಾಕೋಣ. ನಿವೃತ್ತಿಗಿರೋ ನಾಲ್ಕು ವರ್ಷ ಅಲ್ಲಿ ಧೂಳು ಹೊಡ್ಕೊಂಡಿರ್ಲಿ."

ಮಧ್ಯಾಹ್ನ ಅವಳು ಅವನನ್ನು ಮೆಟ್ಟಿಲ ಹತ್ತಿರ ಹಿಡಿದಳು. "ನೀವು ನಿದ್ದೆ ಮಾಡ್ತಿರ್ಲಿಲ್ಲ. ಏನಾಯ್ತು ಹೇಳಿ."

ಅವನು ಮೆಟ್ಟಿಲ ಕಂಬಿ ಹಿಡಿದುಕೊಂಡ.

"ಕೆಂಪು, ಹಸಿರು ಎರಡೂ ನನಗೆ ಒಂದೇ ಥರ ಕಾಣತ್ತೆ ಮೇಡಂ. ಹುಟ್ಟಿನಿಂದ ಹಾಗೇನೇ. ಹತ್ತೊಂಬತ್ತನೇ ವಯಸ್ಸಲ್ಲಿ ರೈಲು ಎಂಜಿನ್ ಓಡಿಸೋಕೆ ಅಂತ ಹೋಗಿದ್ದೆ. ಕಣ್ಣಿನ ಪರೀಕ್ಷೇಲಿ ಬಣ್ಣದ ಚುಕ್ಕೆ ತೋರಿಸಿ, ಎಲ್ಲರೆದುರೇ ನಕ್ಕು ಕಳಿಸಿಬಿಟ್ರು. ಅವತ್ತಿಂದ ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ. ಇಲ್ಲಿ ಎಲ್ಲಾ ಅಂಕಿ ತಾನೇ, ಹೇಗೋ ಬಚಾವಾಗಿದ್ದೆ."

ಅವಳು ತನ್ನ ಕೋಣೆಗೆ ಹಿಂತಿರುಗಿದಳು. ಬಾಗಿಲು ಹಾಕಿಕೊಂಡು ವರದಿಗೆ ಕುಳಿತಳು. ಹಿಂದೊಮ್ಮೆ ಹೀಗೇ ಆದಾಗ ತಪ್ಪು ಎಲ್ಲಿದೆಯೆಂದು ಅಂಕಿಗಳಲ್ಲಿ ಹುಡುಕಲು ಮೂರು ದಿನ ಹಿಡಿದಿತ್ತು. ಎರಡನೆಯ ಸಾಫ್ಟ್‌ವೇರ್ ಕಣ್ಣು ಮಿಟುಕಿಸುವುದರೊಳಗೆ ತೋರಿಸಿತ್ತು. ಗೊತ್ತಿದ್ದೂ ಮೊದಲನೆಯದನ್ನು ಹೊಗಳಿ ಎರಡು ಪುಟ ಬರೆದಳು. ನಿದ್ದೆಯ ಮಾತನ್ನು ಬರೆಯಲಿಲ್ಲ. ಬರೆದು ಮುಗಿಸಿದಾಗ ಕೈ ತೊಳೆದುಕೊಳ್ಳಬೇಕು ಅನ್ನಿಸಿತು.

ಶುಕ್ರವಾರ ಬೆಳಿಗ್ಗೆ ಪರ್ಸೆಂಟಣ್ಣ ಬಾಗಿಲು ತಟ್ಟದೆಯೇ ಒಳಗೆ ಬಂದ. ಹಾಗೆ ಅವನು ಬಂದದ್ದು ಅದೇ ಮೊದಲು.

"ಮೊದಲನೇದು ಸಾಕು ಅಂತ ಬರ್ದಿದ್ದೀರಂತೆ?"

"ಅದೇ ಸರಿ ಅನ್ನಿಸ್ತು."

"ಸುಳ್ಳು ಹೇಳ್ಬೇಡಿ ಮೇಡಂ, ನಿಮಗೆ ಬರಲ್ಲ." ಅವನು ಮೇಜಿನ ಹತ್ತಿರ ಬಂದ. "ಇಪ್ಪತ್ತಾರು ವರ್ಷ ಈ ಯಂತ್ರಾನ ಮಗು ಥರ ನೋಡ್ಕೊಂಡಿದೀನಿ. ನನ್ನೊಬ್ಬನ ಕಣ್ಣಿಗೋಸ್ಕರ ಅದಕ್ಕೆ ಕೆಲಸಕ್ಕೆ ಬಾರದ್ದನ್ನ ತಗಲಿಸ್ತೀರಾ? ನಾನು ಕಲಿಸಿದ್ದು ಇದೇನಾ?"

ಅವಳು ವರದಿಯನ್ನು ನಡುವೆ ಹರಿದು ಬುಟ್ಟಿಗೆ ಹಾಕಿದಳು.

ಸಭೆಯಲ್ಲಿ ಅವಳು ಎರಡನೆಯದರ ಹೆಸರು ಹೇಳಿದಳು. ಪರ್ಸೆಂಟಣ್ಣ ಬಾಗಿಲ ಬಳಿ ನಿಂತಿದ್ದ. ಅವನನ್ನು ಯಾರೂ ಕರೆದಿರಲಿಲ್ಲ.

"ಬುಧವಾರದ ತಪ್ಪು ನಂದು ಸಾರ್. ನನಗೆ ಕೆಂಪು, ಹಸಿರು ಗೊತ್ತಾಗಲ್ಲ," ಎಂದ, ಒಂದೇ ಉಸಿರಿಗೆ.

ಉಪನಿರ್ದೇಶಕರು ಕನ್ನಡಕ ತೆಗೆದರು. "ಮೊದಲೇ ಹೇಳೋಕೇನಾಗಿತ್ತು?"

"ಹೇಳಿದ್ರೆ ಇಲ್ಲಿ ಕೂರಿಸ್ತಿದ್ರಾ ಸಾರ್?"

ಉಪನಿರ್ದೇಶಕರು ಕನ್ನಡಕ ಒರೆಸತೊಡಗಿದರು. ಕೊನೆಗೆ ಎರಡನೆಯ ಕಂಪನಿಯಿಂದ ಬಂದಿದ್ದ ಹೆಂಗಸು ಕೆಮ್ಮಿ, "ಬಣ್ಣ ಬದಲಾಯಿಸ್ಬಹುದು. ಎರಡು ನಿಮಿಷದ ಕೆಲಸ," ಎಂದಳು.

ಎಲ್ಲರೂ ಯಂತ್ರದ ಕೋಣೆಗೆ ನಡೆದರು. ಕಂಪನಿಯವಳು ಎರಡು ಕಡೆ ಒತ್ತಿದಳು. ಹಸಿರು ಚೌಕಗಳೆಲ್ಲ ನೀಲಿಯಾದವು. ಇನ್ನು ಮುಂದೆ ಕೆಂಪಿನ ಬದಲು ಹಳದಿ ಬರುವುದೆಂದಳು. ಎರಡು ನಿಮಿಷವೂ ಹಿಡಿಯಲಿಲ್ಲ. ಪರ್ಸೆಂಟಣ್ಣ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದ. "ಇಷ್ಟೇನಾ?" ಎಂದ, ತನಗೆ ತಾನೇ ಎಂಬಂತೆ.

ಉಪನಿರ್ದೇಶಕರು ಆ ಹೆಂಗಸಿನೊಡನೆ ಕರಾರಿನ ಮಾತಿಗೆ ತೊಡಗಿದರು. ಕಡತದ ಕೋಣೆಯ ಸುದ್ದಿ ಎತ್ತಲಿಲ್ಲ. ಮುಖ್ಯಸ್ಥೆ ಪರ್ಸೆಂಟಣ್ಣನ ಹತ್ತಿರ ಹೋಗಿ ಏನೋ ಹೇಳಲು ಬಾಯಿ ತೆರೆದಳು. ಅವನು ಅಂಗೈ ಎತ್ತಿ ತಡೆದ. ಪರದೆಯ ಕೆಳಮೂಲೆಯಲ್ಲಿ ಒಂದು ಊರಿನ ಕೌಂಟರಿನ ಚೌಕ ಆಗಷ್ಟೇ ಹಳದಿಯಾಗಿತ್ತು. ಅವನು ಆಗಲೇ ಫೋನನ್ನು ಕಿವಿಗಿಟ್ಟುಕೊಂಡು, ಆ ಊರಿನಲ್ಲಿ ಯಾರಾದರೂ ಎತ್ತಲೆಂದು ಕಾಯುತ್ತಿದ್ದ.