ಓಜೆಲಾ ಅವರ ಶನಿವಾರದ ಸಾಮಾನು

ಊರಿನ ಮಾರಾಟ ತೆರಿಗೆ ಏರಿ ಒಟ್ಟು ನೂರಕ್ಕೆ ಹತ್ತಾದ ವಾರದಿಂದಲೇ ನನ್ನ ಕೌಂಟರಿನ ಪಕ್ಕದ ಬುಟ್ಟಿ ತುಂಬತೊಡಗಿತು. ಬಿಲ್ ಕೇಳಿದ ಮೇಲೆ ಜನ ಬೇಡವೆಂದು ಬಿಡುವ ಸಾಮಾನು ಅದರಲ್ಲಿ ಬೀಳುತ್ತದೆ. ಅಲಬಾಮಾದ ನಮ್ಮ ಹಾರ್ಲನ್ ಫೋರ್ಕ್‌ನಲ್ಲಿರುವುದು ಇದೊಂದೇ ದಿನಸಿ ಅಂಗಡಿ.

ಓಜೆಲಾ ಪ್ರೂಯಿಟ್ ವೃದ್ಧಾಶ್ರಮದಲ್ಲಿ ಬಟ್ಟೆ ಒಗೆಯುವ ಕೆಲಸದವರು. ಮನೆಯಲ್ಲಿ ಇಬ್ಬರು ಮೊಮ್ಮಕ್ಕಳು. ವಾರದ ದಿನಸಿಗೆ ಅರವತ್ತು ಡಾಲರ್, ಒಂದು ಸೆಂಟೂ ಹೆಚ್ಚಿಲ್ಲ. ಒಂದು ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಅವರು, ತೆರಿಗೆ ಏರಿಕೆಗೆ ಮತ ಹಾಕಿದ್ದ ಪುರಸಭೆ ಸದಸ್ಯ ಹಾಲಿಸ್ ಟ್ರೆಡವೇ ಅವರನ್ನು ಅಡ್ಡಗಟ್ಟಿದರು.

"ಡಾಲರ್‌ಗೆ ಒಂದೇ ಒಂದು ಸೆಂಟ್ ಜಾಸ್ತಿ ಮಿಸ್ ಓಜೆಲಾ, ಅದೂ ಹೊಸ ಫೈರ್ ಎಂಜಿನ್‌ಗೆ," ಎಂದರು ಟ್ರೆಡವೇ.

"ಫೈರ್ ಎಂಜಿನ್ ಬೇಡ ಅಂದೋರು ಯಾರು? ಬರೋ ಶನಿವಾರ ಅಂಗಡಿಗೆ ಬನ್ನಿ. ನನ್ನ ದುಡ್ಡಲ್ಲಿ ನೀವೇ ಸಾಮಾನು ತಗೊಳ್ಳಿ."

ಹತ್ತು ಜನರೆದುರು ಒಲ್ಲೆ ಎನ್ನುವುದು ಹೇಗೆ? ಬಂದರು. ಓಜೆಲಾ ಕೊಟ್ಟ ಚೀಟಿ ಹಿಡಿದು ಗಾಡಿ ತಳ್ಳುತ್ತಾ, ಒಂದೊಂದರ ಬೆಲೆಯನ್ನೂ ಫೋನಿನಲ್ಲಿ ಕೂಡಿಸುತ್ತಾ ಅರ್ಧ ಗಂಟೆ ಸುತ್ತಿದರು. ಮೆಕ್ಕೆಜೋಳದ ಹಿಟ್ಟು, ಮಜ್ಜಿಗೆ, ಕೋಳಿ ತೊಡೆ, ಕಾಲರ್ಡ್ ಸೊಪ್ಪು, ಕಾಫಿ, ಸೋಪಿನ ಪುಡಿ ಎಲ್ಲ ಬಂತು.

"ಐವತ್ತೆಂಟು!" ಎಂದು ನನ್ನ ಮುಂದೆ ಎದೆಯುಬ್ಬಿಸಿದರು. "ಎರಡು ಡಾಲರ್ ಉಳಿಸಿದೀನಿ ನೋಡಿ."

ನಾನು ಬಿಲ್ ಹಾಕಿ, "ಅರವತ್ತಮೂರು ಡಾಲರ್ ಎಂಬತ್ತು ಸೆಂಟ್," ಎಂದೆ.

"ಸಾಧ್ಯಾನೇ ಇಲ್ಲ. ಮೆಷೀನ್ ಕೆಟ್ಟಿದೆ."

"ಮೆಷೀನ್ ಸರಿಯಾಗಿದೆ ಸರ್. ಕಪಾಟಿನ ಬೆಲೆ ಮೇಲೆ ಬಿಲ್ಲಲ್ಲಿ ಸೇರೋ ತೆರಿಗೆ ಅದು."

ಸಾಲಿನಲ್ಲಿದ್ದ ಬಸ್ ಡ್ರೈವರ್ ಲೆರಾಯ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಏರಿಸಿದೋರೇ ಮರೆತುಬಿಟ್ರಲ್ಲಪ್ಪೋ!"

ಟ್ರೆಡವೇ ಕಾಫಿ ಡಬ್ಬಿಗೆ ಕೈ ಹಾಕಿದರು.

"ಕಾಫಿ ಮುಟ್ಟಿದ್ರೆ ನೋಡಿ ಮತ್ತೆ!" ಎಂದರು ಓಜೆಲಾ.

"ಸೋಪಿನ ಪುಡಿ?"

"ಹುಡುಗರ ಸ್ಕೂಲ್ ಬಟ್ಟೆ ನಿಮ್ಮನೇಲಿ ಒಗೆಸ್ತೀರಾ?"

ಕಿವಿಯವರೆಗೂ ಕೆಂಪಾಗಿ ಟ್ರೆಡವೇ ಪರ್ಸ್ ತೆಗೆದರು. ಓಜೆಲಾ ಆ ಕೈಯನ್ನು ಮೆಲ್ಲಗೆ ಒತ್ತಿ ಹಿಡಿದರು. "ಒಳಗಿಡಿ. ಪ್ರತಿ ಶನಿವಾರ ಬಂದು ಕೊಡ್ತೀರಾ? ನಾನು ದಾನ ಕೇಳ್ತಿಲ್ಲ."

ಕೊನೆಗೆ ಕೋಳಿಯ ಪೊಟ್ಟಣ ವಾಪಸು ಹೋಯಿತು. ಅದನ್ನು ಬುಟ್ಟಿಗೆ ಹಾಕುವಾಗ ಟ್ರೆಡವೇ ಅವರ ಮುಖದಲ್ಲಿ ನಗುವಿರಲಿಲ್ಲ. ಅವರ ಮೇಲೆ ನನಗಿದ್ದ ಸಿಟ್ಟು ಆಗಲೇ ಅರ್ಧ ಇಳಿಯಿತು.

ಮಂಗಳವಾರ ಪುರಸಭೆಯ ಸಭೆಗೆ ನಾವೆಲ್ಲ ಹೋದೆವು. ಟ್ರೆಡವೇ ಎದ್ದು ನಿಂತು, ಹೊಸದಾಗಿ ಏರಿಸಿದ ಸೆಂಟನ್ನು ತಿನ್ನುವ ಪದಾರ್ಥಗಳ ಮೇಲಿಂದ ತೆಗೆಯಬೇಕು ಎಂದರು. ಫೈರ್ ಎಂಜಿನ್ ತಡವಾಗುತ್ತದೆ ಎಂದು ಮೇಯರ್ ಗೊಣಗಿದರು.

"ಒಂದು ವರ್ಷ ತಡವಾಗುತ್ತೆ, ಒಪ್ತೀನಿ," ಎಂದರು ಟ್ರೆಡವೇ. "ಆದ್ರೆ ನೀವು ಒಂದ್ಸಲ ಮಿಸ್ ಓಜೆಲಾ ಗಾಡಿ ತಳ್ಳಿ, ಆಮೇಲೆ ಮಾತಾಡೋಣ."

ಹಿಂದಿನ ಸಾಲಿನಿಂದ ಲೆರಾಯ್ ಶಿಳ್ಳೆ ಹೊಡೆದ. ಮೂರು ಮತ ಪರ, ಎರಡು ವಿರುದ್ಧ.

ಹಳೆಯ ತೆರಿಗೆ ಹಾಗೇ ಇದೆ, ಅದೂ ಹಗುರವೇನಲ್ಲ. ಆದರೂ ಹೊರಗೆ ಬಂದಾಗ ಊರಿಗೇ ಹಬ್ಬ ಬಂದಂತಿತ್ತು. ಮುಂದಿನ ಚುನಾವಣೆಗೆ ನೀವೇ ನಿಲ್ಲಿ ಎಂದು ಎಲ್ಲರೂ ಓಜೆಲಾ ಅವರ ಬೆನ್ನು ಹತ್ತಿದರು.

"ಹೋಗ್ರೋ, ಸಭೇಲಿ ಅಷ್ಟು ಹೊತ್ತು ಬಾಯ್ಮುಚ್ಕೊಂಡು ಕೂತಿರೋದು ನನ್ನ ಕೈಲಾಗುತ್ತಾ?" ಎನ್ನುತ್ತಾ ಅವರು ಟ್ರೆಡವೇ ಅವರ ತೋಳು ಹಿಡಿದು ಮೆಟ್ಟಿಲಿಳಿದರು.