ಶೆಡ್ಡಿಗೆ ಕಟ್ಟಿದ ಜೋಕಾಲಿ

ಪಂಚಮಿಗೆ ಜೋಕಾಲಿ ಆಡದಿದ್ದರೆ ನಮ್ಮ ಅತ್ತೆ ಅಂಬುಬಾಯಿಯವರಿಗೆ ಉಂಡಿ ಗಂಟಲಲ್ಲಿ ಇಳಿಯುವುದಿಲ್ಲ. ತೆಲುಗು ಸೀಮೆಯ ಮಣಿಕೊಂಡದ ನಮ್ಮ ಕಾಲೊನಿಯ ಪಾರ್ಕಿನಲ್ಲಿ ಪ್ರತಿ ವರ್ಷ ಬೇವಿನ ಮರಕ್ಕೆ ಹಗ್ಗ ಕಟ್ಟುತ್ತಿದ್ದೆವು. ಈ ಸಲ ಮರವೇ ಇಲ್ಲ. ಕಾಲೊನಿಯ ದೊಡ್ಡ ಮನುಷ್ಯರು ಅದನ್ನು ಕಡಿಸಿ, ಫಂಕ್ಷನ್‌ಗಳಿಗೆ ಬಾಡಿಗೆ ಕೊಡಲು ಕಬ್ಬಿಣದ ಶೆಡ್ ಎಬ್ಬಿಸಿದ್ದಾರೆ. ಹುಲ್ಲಿದ್ದಲ್ಲಿ ಕಾರು ನಿಲ್ಲುತ್ತವೆ. ಮಕ್ಕಳು ಆಡಬೇಕೆಂದರೆ ಆಕಾಶದಲ್ಲೇ ಆಡಬೇಕು.

"ಶೆಡ್ಡಿಗೇ ಕಟ್ಟಪಾ, ಏನಾಗತೈತಿ?" ಎಂದು ಅತ್ತೆ ಮಗನಿಗೆ ಹೇಳಿದರು. ಕಬ್ಬಿಣದ ಅಂಚಿಗೆ ಹಗ್ಗ ಸವೆದೀತೆಂದು ನನ್ನ ಗಂಡ ನರಹರಿ ಬೇಗಂ ಬಜಾರಿನಿಂದ ಸರಪಳಿ ತಂದರು. ಆ ಜಾಣತನಕ್ಕೆ ನಾನೂ ತಲೆಯಾಡಿಸಿದೆ.

ಹಬ್ಬದ ಬೆಳಗ್ಗೆ ಜಿಟಿಜಿಟಿ ಮಳೆ. ಮಗಳು ನೇತ್ರಾ ಜೀಕುತ್ತಿದ್ದಳು. ನಾನು ಬರಿಗಾಲಲ್ಲಿ ನಿಂತು ಶೆಡ್ಡಿನ ಕಂಬಕ್ಕೆ ಕೈಯಾನಿಸಿದೆ. ಯಾರೋ ತೋಳು ಹಿಡಿದು ಒಗೆದಂತಾಗಿ ಕೆಳಗೆ ಬಿದ್ದೆ. ತಲೆಯೆತ್ತಿದರೆ, ಸಂಜೆಯ ಫಂಕ್ಷನ್‌ಗೆಂದು ಸುತ್ತಿದ ಸೀರಿಯಲ್ ಲೈಟುಗಳು ಹಗಲಲ್ಲೇ ಉರಿಯುತ್ತಿದ್ದವು. ಇಡೀ ಶೆಡ್ಡಿಗೆ ಕರೆಂಟು ಇಳಿದಿತ್ತು. ಸರಪಳಿ ನನ್ನ ಮಗಳ ಎರಡೂ ಕೈಯಲ್ಲಿತ್ತು. ಅವಳ ಕಾಲು ಒದ್ದೆ ನೆಲಕ್ಕೆ ತಾಗಿದರೆ ಮುಗಿಯಿತು.

"ಅಮ್ಮಾ, ಸಾಕು, ಇಳೀತೀನಿ."

"ಇಳೀಬ್ಯಾಡ! ಕಾಲು ಮ್ಯಾಲ ಮಡಚ್ಕೋ!"

ನರಹರಿ ಶೆಡ್ಡಿನ ಹಿಂದಿನ ಸ್ವಿಚ್ ಡಬ್ಬಕ್ಕೆ ಓಡಿದರು. ಅದಕ್ಕೆ ಬೀಗ. ಕಲ್ಲಿನಿಂದ ಕುಟ್ಟತೊಡಗಿದರು. ಅತ್ತೆ ಮೊಮ್ಮಗಳನ್ನು ಹಿಡಿಯಲು ಮುನ್ನುಗ್ಗಿದಾಗ ಸೆರಗು ಹಿಡಿದು ಎಳೆದೆ. "ಮುಟ್ಟಬ್ಯಾಡ್ರಿ!" ಹೆತ್ತವಳು ನಾನು, ನಾನೂ ಮುಟ್ಟುವಂತಿಲ್ಲ. ಜೋಕಾಲಿ ನಿಧಾನವಾಯಿತು. ನೇತ್ರಾ ಅಳುತ್ತ ಒಂದು ಕಾಲು ಕೆಳಗೆ ಚಾಚಿದಳು.

"ನೇತ್ರಾ!"

ಬೆಚ್ಚಿ ಕಾಲು ಎಳೆದುಕೊಂಡಳು. ಆಗ ದೀಪಗಳು ಆರಿದವು. "ಫ್ಯೂಜ್ ತಗದೆ!" ಎಂದು ನರಹರಿ ಕೂಗಿದರು. ಆ ಮಾತನ್ನೂ ನಂಬಲಾಗದೆ ಮೊದಲು ನಾನೇ ಕಂಬಕ್ಕೆ ಬೆರಳಿನ ಹಿಂಬದಿ ತಾಗಿಸಿದೆ. ಏನೂ ಆಗಲಿಲ್ಲ. ಮಗಳನ್ನು ಬಾಚಿ ಎತ್ತಿಕೊಂಡೆ.

ಅಷ್ಟರಲ್ಲಿ ಲೈಟು ಕಟ್ಟಿದವನು ಬಂದ. ನಡೆದದ್ದನ್ನೆಲ್ಲ ಹೇಳಿದೆವು. ಸಂಜೆ ಬರ್ತ್‌ಡೇ ಪಾರ್ಟಿ, ಬರುವವರೆಲ್ಲ ಮಕ್ಕಳೇ, ಲೈಟು ಬೇಕೇ ಬೇಕು ಎಂದು ತೆಲುಗಿನಲ್ಲಿ ಗೊಣಗಿ ಫ್ಯೂಜ್ ಕೇಳಿದ. ನರಹರಿ ಅದನ್ನು ಜೇಬಿಗೆ ಹಾಕಿಕೊಂಡರು.

"ಪರವಾಲೇದು ಸಾರ್," ಎಂದು, ಅದಿಲ್ಲದಿದ್ದರೂ ನಡೆದೀತು ಎಂಬಂತೆ ನಕ್ಕು ತನ್ನ ಚೀಲದಿಂದ ಇನ್ನೊಂದು ಫ್ಯೂಜ್ ತೆಗೆದ.

ನಾನು ನೇತ್ರಾಳನ್ನು ಅತ್ತೆಯ ಕೈಗೆ ಕೊಟ್ಟು, ಹೋಗಿ ಆ ಡಬ್ಬಕ್ಕೆ ಅಡ್ಡ ನಿಂತೆ.